ಲ್ಯಾರಿ ರಾಬಿನ್ಸನ್ ಎಷ್ಟು ಗೋಲು ಹೊಡೆದಿದ್ದಾರೆ?

208. ಆಯ್ತಲ್ಲ? ಇನ್ನು ಈ ಪ್ರಶ್ನೆ ಬೇಡ.

ಮಾಂಟ್ರಿಯಲ್‌ನಲ್ಲಿ ನಮ್ಮವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ಇದೇ ಕಥೆ. ಐಸ್ ಹಾಕಿಯಲ್ಲಿ ನನಗೆ ರಾಬಿನ್ಸನ್ ಇಷ್ಟ ಅಂದ ತಕ್ಷಣ ಗೋಲಿನ ಲೆಕ್ಕ ಕೇಳುತ್ತಾರೆ. ಯುಗಾದಿ ದಿನ ಹಿರಿಯರೊಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು. ಹೇಳಿದೆ. "1,384 ಪಂದ್ಯಕ್ಕೆ ಅಷ್ಟೇನಾ?" ಅಂದರು. ಆ 'ಅಷ್ಟೇನಾ' ಕೇಳಿ ನನಗೆ ಊಟವೇ ಸೇರಲಿಲ್ಲ.

ಸ್ವಾಮಿ, ಅವರು ಡಿಫೆನ್ಸ್‌ಮನ್. ಗೋಲು ತಡೆಯುವುದು ಅವರ ಮೊದಲ ಕೆಲಸ. ಕಿರ್ಮಾನಿಯವರನ್ನು ಯಾರಾದರೂ ಎಷ್ಟು ಸಿಕ್ಸರ್ ಹೊಡೆದಿರಿ ಅಂತ ಕೇಳ್ತಾರಾ?

ಲೆಕ್ಕವೇ ಬೇಕಾದರೆ ಪ್ಲಸ್-ಮೈನಸ್ ನೋಡಿ. ಎರಡೂ ಕಡೆ ಸಮ ಆಟಗಾರರಿದ್ದು, ನೀವು ಐಸ್ ಮೇಲಿರುವಾಗ ನಿಮ್ಮ ತಂಡ ಗೋಲು ಹೊಡೆದರೆ ಒಂದು ಪ್ಲಸ್, ಬಿಟ್ಟುಕೊಟ್ಟರೆ ಒಂದು ಮೈನಸ್. 1976-77ರಲ್ಲಿ ರಾಬಿನ್ಸನ್ ಪ್ಲಸ್ 120. ಆ ವರ್ಷ ಅವರ ತಂಡ ಮಾಂಟ್ರಿಯಲ್ ಕೆನಡಿಯನ್ಸ್ 80 ಪಂದ್ಯಗಳಲ್ಲಿ ಸೋತಿದ್ದು ಬರೀ 8.

ಅದಕ್ಕೂ ಹಿಂದಿನ ವರ್ಷ ಲೀಗಿನ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಎದುರಾಳಿ ಫಿಲಡೆಲ್ಫಿಯಾ. ಹೊಡೆದಾಟಕ್ಕೆ ಹೆಸರಾದ ತಂಡ. ಪಕ್, ಅಂದರೆ ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ, ಹಿಡಿದು ಬರುತ್ತಿದ್ದ ಗ್ಯಾರಿ ಡಾರ್ನ್‌ಹೋಫರ್‌ಗೆ ರಾಬಿನ್ಸನ್ ಹೇಗೆ ಗುದ್ದಿದರೆಂದರೆ, ರಿಂಕಿನ ಸುತ್ತಲಿನ ಹಲಗೆ ಗೋಡೆಯೇ ಜಗ್ಗಿಹೋಯಿತು. ಆಟ ನಿಲ್ಲಿಸಿ, ಸುತ್ತಿಗೆ ತಂದು ಸರಿ ಮಾಡಿದರು. ಇದನ್ನು ಯಾವ ಗೋಲಿನ ಪಟ್ಟಿಯಲ್ಲಿ ಬರೆಯುತ್ತೀರಿ?

ಅವರು ಕೋಚ್ ಆಗಿ ಹೇಗಿದ್ದರು ಅಂತ ಒಬ್ಬರಾದರೂ ಕೇಳಬಾರದೇ?

2000ನೇ ಇಸವಿ. ಲೀಗ್ ಹಂತದಲ್ಲಿ ಇನ್ನು 8 ಪಂದ್ಯ ಇದೆ ಅನ್ನುವಾಗ ನ್ಯೂಜೆರ್ಸಿ ಡೆವಿಲ್ಸ್ ಕೋಚ್‌ನನ್ನು ತೆಗೆದರು. ಸಹಾಯಕರಾಗಿದ್ದ ರಾಬಿನ್ಸನ್ ಹೆಗಲಿಗೆ ತಂಡ ಬಿತ್ತು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಫಿಲಡೆಲ್ಫಿಯಾ. ಏಳು ಪಂದ್ಯಗಳ ಸರಣಿಯಲ್ಲಿ 3-1 ಹಿಂದೆ. ಇನ್ನೊಂದು ಸೋತರೆ ಮನೆಗೆ. ಮೆತ್ತನೆ ಮಾತಿನ ಈ ಮನುಷ್ಯ ಅವತ್ತು ಡ್ರೆಸ್ಸಿಂಗ್ ರೂಮಿನಲ್ಲಿ ಕಸದ ಬುಟ್ಟಿ ಒದ್ದು ಕೂಗಾಡಿದರು. ದಿನಾ ಕೂಗುವವರಾಗಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಮುಂದಿನ ಮೂರೂ ಪಂದ್ಯ ಗೆದ್ದರು.

ಫೈನಲ್‌ನಲ್ಲಿ ಡಲ್ಲಾಸ್. ಆರನೇ ಪಂದ್ಯದಲ್ಲಿ ಡೆವಿಲ್ಸ್‌ನ ಪೆಟ್ರ್ ಸಿಕೋರಾ ಪೆಟ್ಟು ತಿಂದು ಆಸ್ಪತ್ರೆ ಸೇರಿದ. ಎರಡನೇ ಓವರ್‌ಟೈಮ್‌ನಲ್ಲಿ ಜೇಸನ್ ಆರ್ನಟ್ ಗೋಲು ಹೊಡೆದ, ಕಪ್ ಬಂತು. ಎಲ್ಲರೂ ಐಸ್ ಮೇಲೆ ಕುಣಿಯುತ್ತಿದ್ದರು. ಅವರ ನಡುವೆ ಆರಡಿ ಮೀರಿದ ರಾಬಿನ್ಸನ್, ಸಿಕೋರಾನ ಜೆರ್ಸಿ ತೊಟ್ಟುಕೊಂಡು ನಿಂತಿದ್ದರು.