ಎಂಟು ಇಂಚು, ಎಂಟು ಅಡಿ

ಮುಂಬಯಿಯ ಮಾಟುಂಗದ ನಮ್ಮ ಗಲ್ಲಿಯಲ್ಲಿ ಫುಟ್‌ಪಾತ್ ರಸ್ತೆಯಿಂದ ಎಂಟು ಇಂಚು ಎತ್ತರ ಇದೆ. ಅಮ್ಮನಿಗೆ ಲಕ್ವ ಹೊಡೆದು ಮನೆಗೆ ವ್ಹೀಲ್‌ಚೇರ್ ಬರುವವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನಮ್ಮದು ನೆಲಮಹಡಿ, ಬಾಗಿಲಿನಿಂದ ಗೇಟಿನವರೆಗೆ ತೊಂದರೆ ಇಲ್ಲ. ಗೇಟಿನಾಚೆ ಟ್ಯಾಕ್ಸಿ ನಿಲ್ಲುವ ಜಾಗದಲ್ಲಿ ಈ ಎಂಟು ಇಂಚು. ಇಬ್ಬರು ಸೇರಿ ಕುರ್ಚಿ ಎತ್ತಿ ಇಳಿಸಬೇಕು. ಅಮ್ಮ ಪ್ರತಿ ಸಲ ಸೆರಗು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಕೊನೆಗೆ ಹೊರಗೆ ಹೋಗುವುದನ್ನೇ ಬಿಟ್ಟಳು. ಮೈಸೂರು ಅಸೋಸಿಯೇಷನ್‌ನಲ್ಲಿ ಕನ್ನಡ ನಾಟಕ ಅಂದರೆ ಎರಡು ದಿನ ಮೊದಲೇ ಸೀರೆ ತೆಗೆದಿಡುತ್ತಿದ್ದವಳು.

ಅದು 2023ರ ಮೇ ತಿಂಗಳು. ಹೋಗಿ ಹೇಳೋಣ ಅಂದರೆ ನಗರಸೇವಕರೂ, ಅಂದರೆ ಪಾಲಿಕೆಯ ಚುನಾಯಿತ ಸದಸ್ಯರೂ, ಇರಲಿಲ್ಲ, ಅವರ ಅವಧಿ 2022ರ ಮಾರ್ಚ್‌ನಲ್ಲೇ ಮುಗಿದಿತ್ತು. ಅಲ್ಲೊಂದು ಸಿಮೆಂಟ್ ಇಳಿಜಾರು ನಾವೇ ಮಾಡೋಣ ಅಂತ ನಾನೇ ಮೊದಲು ಹೇಳಿದೆ. ನನ್ನ ತಲೆಯಲ್ಲಿ ಇದ್ದದ್ದು ದಾದಾರಾವ್ ಬಿಲ್ಹೋರೆ. 2015ರಲ್ಲಿ ರಸ್ತೆ ಗುಂಡಿಯಿಂದ ಹದಿನಾರು ವರ್ಷದ ಮಗನನ್ನು ಕಳಕೊಂಡು, ಆಮೇಲೆ ಊರಿನ ಗುಂಡಿಗಳನ್ನು ತಾವೇ ತುಂಬುತ್ತಾ ಬಂದವರು. ಅವರೊಬ್ಬರೇ ಅಷ್ಟು ಮಾಡುವಾಗ ನಾವು ಇಷ್ಟು ಮಾಡಬಾರದಾ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಮಿಸ್ತ್ರಿಯನ್ನು ಕರೆದೆವು. ಅರ್ಧ ಮೂಟೆ ಸಿಮೆಂಟ್, ಒಂದಿಷ್ಟು ಒಡೆದ ಇಟ್ಟಿಗೆ. ಗಲ್ಲಿ ಸಣ್ಣದು, ಟ್ಯಾಕ್ಸಿಗೆ ಜಾಗ ಬೇಕಲ್ವಾ, ಅದಕ್ಕೆ ಇಳಿಜಾರನ್ನು ಎರಡೇ ಅಡಿ ಉದ್ದ ಮಾಡಿಸಿದೆ. ಮಧ್ಯಾಹ್ನದೊಳಗೆ ಮುಗಿಯಿತು. ಗಲ್ಲಿಯವರೆಲ್ಲ ಬಂದು ಮೆಚ್ಚಿಕೊಂಡರು.

ನಾಲ್ಕು ದಿನ ಬಿಟ್ಟು ಅಮ್ಮನನ್ನು ಆಸ್ಪತ್ರೆಯಿಂದ ಕರಕೊಂಡು ಬಂದೆ. ಕುರ್ಚಿಯನ್ನು ಮೇಲಕ್ಕೆ ತಳ್ಳಿದೆ. ಮುಂದಿನ ಎರಡು ಸಣ್ಣ ಚಕ್ರ ಗಾಳಿಗೆ ಎದ್ದವು. ಅಮ್ಮನ ಭಾರ ಪೂರ್ತಿ ನನ್ನ ಮೇಲೆ ಬಂತು. ಗೇಟಿನಲ್ಲಿದ್ದ ವಾಚ್‌ಮನ್ ಓಡಿ ಬಂದು ಹಿಡಿಯದಿದ್ದರೆ ಅವಳ ತಲೆ ರಸ್ತೆಗೆ ಬಡಿಯುತ್ತಿತ್ತು. ಅವಳು ಬೈಯಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎದ್ದು ಕೂತು ಓದಿದೆ. ಕಟ್ಟುವ ಮೊದಲು ಓದಬೇಕಿತ್ತು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್, ವ್ಹೀಲ್‌ಚೇರ್ ಹೋಗುವ ರ‍್ಯಾಂಪಿಗೆ ಒಂದಕ್ಕೆ ಹನ್ನೆರಡು ಅನ್ನುತ್ತದೆ. ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಕೂತವರು ತಾವೇ ಚಕ್ರ ತಿರುಗಿಸಿ ಹತ್ತುವುದು ಕಷ್ಟ. ಜಾಸ್ತಿ ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ನಾನು ಕಟ್ಟಿಸಿದ್ದು ಒಂದಕ್ಕೆ ಮೂರು! ಇನ್ನೊಂದೂ ಗೊತ್ತಾಯಿತು. ರಸ್ತೆಗಳ ಅಳತೆ-ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಫುಟ್‌ಪಾತ್ ಅಂಚು 150 ಮಿಲಿಮೀಟರ್ ದಾಟಬಾರದು, ಸುಮಾರು ಆರು ಇಂಚು. ನಮ್ಮದು ಎಂಟು. ಆ ಎರಡು ಇಂಚಿನ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಆದರೆ ನಮ್ಮ ದೊಡ್ಡ ತಪ್ಪು ತೋರಿಸಿಕೊಟ್ಟದ್ದು ಮಳೆ. ಜೂನ್ ಕೊನೆಯಲ್ಲಿ ಒಂದು ಸಂಜೆ ಜೋರಾಗಿ ಸುರಿಯಿತು. ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ತಗ್ಗು ಮಾಡುವುದೇ ನೀರು ಫುಟ್‌ಪಾತ್ ಬದಿಯಲ್ಲಿ ಹರಿದು ಚರಂಡಿ ಜಾಲರಿ ಸೇರಲಿ ಅಂತ. ನಮ್ಮ ಸಿಮೆಂಟ್ ಗುಡ್ಡೆ ಆ ದಾರಿಗೆ ಸರಿಯಾಗಿ ಅಡ್ಡ ಕೂತಿತ್ತು. ನೀರು ಹಿಂದಕ್ಕೆ ನಿಂತು ಮೂಲೆಯ ಇಸ್ತ್ರಿ ಅಂಗಡಿಗೆ ನುಗ್ಗಿತು. ಗಿರಾಕಿಗಳ ಬಟ್ಟೆಯ ಗಂಟು ನೆನೆಯಿತು. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಹತ್ತಿರ ಇರುವವರಿಗೆ ನೀರಿನ ಭಯ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿತ್ತಲ್ಲ, ಆ ರಾತ್ರಿ ನಾನು ಎದೆಮಟ್ಟದ ನೀರಿನಲ್ಲಿ ಮನೆಗೆ ನಡೆದವಳು. ಅಂಥವಳೇ ನೀರಿನ ದಾರಿಗೆ ಅಡ್ಡ ಕಟ್ಟಿದೆ. ಬಿಲ್ಹೋರೆಯವರು ಗುಂಡಿ ತುಂಬಿದಾಗ ರಸ್ತೆ ಮೊದಲಿನಂತೆ ಸಮ ಆಗುತ್ತದೆ. ನಾನು ರಸ್ತೆಗೆ ಇಲ್ಲದ್ದೊಂದನ್ನು ಸೇರಿಸಿದ್ದೆ.

ಮರುದಿನವೇ ಒಡೆಸಿದೆವು. 1888ರ ಮುಂಬಯಿ ಮುನಿಸಿಪಲ್ ಕಾಯ್ದೆಯಲ್ಲಿ ರಸ್ತೆಗೆ ಅಡ್ಡ ಕಟ್ಟಿದ್ದನ್ನು ನೋಟಿಸ್ ಇಲ್ಲದೆ ತೆಗೆಯುವ ಅಧಿಕಾರ ಇದೆ. ಮೊದಲಾಗಿದ್ದರೆ ಅದನ್ನು ಓದಿ ಕೋಪ ಬರುತ್ತಿತ್ತು. ಇಸ್ತ್ರಿಯವನ ಮುಖ ನೋಡಿದ ಮೇಲೆ ಬರಲಿಲ್ಲ. ಬಟ್ಟೆಗಳ ಖರ್ಚು ನಾವೇ ಕೊಟ್ಟೆವು.

ಸರಿಯಾದ ದಾರಿ ಅಂದರೆ ಫುಟ್‌ಪಾತನ್ನೇ ಒಳಕ್ಕೆ ಕತ್ತರಿಸಿ ಇಳಿಜಾರು ಮಾಡುವುದು. ರಸ್ತೆ ಕಡೆಗೆ ಚಾಚುವುದಲ್ಲ. ಆ ಕೆಲಸ ನಮ್ಮ ಕೈಯದ್ದಲ್ಲ, ಅರ್ಜಿ ಬರೆದು ಕೊಟ್ಟಿದ್ದೇವೆ.

ಅಲ್ಲಿವರೆಗೆ ಏನು? ಲೆಕ್ಕ ಹಾಕುತ್ತಾ ಕೂತಾಗ ಹೊಳೆಯಿತು. ಎಂಟು ಇಂಚು ಹನ್ನೆರಡರಿಂದ ಗುಣಿಸಿದರೆ ತೊಂಬತ್ತಾರು ಇಂಚು, ಅಂದರೆ ಎಂಟು ಅಡಿ. ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಹಲಗೆ ಎಂಟು ಅಡಿಗೆ ನಾಲ್ಕು ಅಡಿ! ಹತ್ತೊಂಬತ್ತು ಮಿಲಿಮೀಟರಿನ ಮರೀನ್ ಪ್ಲೈ ತಂದು ಉದ್ದಕ್ಕೆ ಎರಡು ತುಂಡು ಮಾಡಿಸಿದೆ. ಕೆಳಗೆ ಬಾಗದಂತೆ ಸಾಗುವಾನಿ ರೀಪು ಹೊಡೆಸಿದೆ. ಹೊರ ಅಂಚಿಗೆ ಚಕ್ರ ಜಾರದಂತೆ ಪಟ್ಟಿ. ಬಣ್ಣ ಹಸಿ ಇರುವಾಗಲೇ ಮೇಲೆ ಮರಳು ಉದುರಿಸಿದೆ. ಎರಡೂ ತುಂಡು ಗೇಟಿನ ಒಳಗೆ, ನಮ್ಮ ಸೊಸೈಟಿಯ ಗೋಡೆಗೆ ಒರಗಿರುತ್ತವೆ. ಟ್ಯಾಕ್ಸಿ ಬಂದಾಗ ವಾಚ್‌ಮನ್ ಹಿಂದಿನ ಗಾಡಿಗಳಿಗೆ ಕೈ ತೋರಿಸುತ್ತಾನೆ, ನಾನು ಹಲಗೆಗಳನ್ನು ಹಾಕಿ ಬೋಲ್ಟ್ ಸೇರಿಸುತ್ತೇನೆ. ಅಮ್ಮ ಇಳಿದ ಮೇಲೆ ಮತ್ತೆ ಒಳಗೆ.

ಮೊದಲ ಸಲ ಅಮ್ಮನಿಗಿಂತ ಮೊದಲು ನಾನೇ ಕುರ್ಚಿಯಲ್ಲಿ ಕೂತು ಹತ್ತಿ ನೋಡಿದೆ. ಕೈ ನೋಯಿತು, ಆದರೆ ಒಬ್ಬಳೇ ಹತ್ತಿದೆ. ಕಳೆದ ಶನಿವಾರ ಅಮ್ಮ ನಾಟಕಕ್ಕೆ ಹೋಗಿ ಬಂದಳು. ಇಳಿಯುವಾಗ ಕಣ್ಣು ತೆರೆದೇ ಇದ್ದಳು.

ಹಿಂದಿನ ಗಲ್ಲಿಯ ಒಬ್ಬರು ಅಳತೆ ಕೇಳಿದ್ದಾರೆ. ಅವರ ಫುಟ್‌ಪಾತ್ ಆರು ಇಂಚು, ಆರು ಅಡಿ ಸಾಕು ಅಂದಿದ್ದೇನೆ. ಟೇಪ್ ಹಿಡಕೊಂಡು ನಾಳೆ ಸಂಜೆ ನಾನೇ ಹೋಗುತ್ತೇನೆ.