‘ನ್ಯೂಜಿಲೆಂಡ್ ಸೇಫಾ?’ ಅಂತ ಕೇಳುವವರಿಗೆ

ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಬರುತ್ತದೆ. ಊರಲ್ಲಿ ದಸರಾ ಮುಗಿದು, ಮುಂದಿನ ರಜೆಗೆ ಎಲ್ಲಿಗೆ ಹೋಗೋಣ ಅನ್ನುವ ಮಾತು ಶುರುವಾಗಿರುತ್ತದೆ. “ಡಿಸೆಂಬರಲ್ಲಿ ನಿಮ್ಮ ಕಡೆ ಬರೋಣ ಅಂತಿದ್ದೀವಿ. ಮಕ್ಕಳೂ ಇದ್ದಾರೆ. ನ್ಯೂಜಿಲೆಂಡ್ ಸೇಫಾ?” ಕೇಳುವವರು ಚಿಕ್ಕಪ್ಪ ಆಗಿರಬಹುದು, ಹತ್ತು ವರ್ಷ ಮಾತೇ ಆಡದ ಕಾಲೇಜು ಗೆಳೆಯ ಆಗಿರಬಹುದು. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಕೂತು ಒಂದು ಸಲ ಬರೆದುಬಿಡುತ್ತೇನೆ. ಮುಂದಿನ ಸಲ ಲಿಂಕ್ ಕಳಿಸಿದರಾಯಿತು.

ಸೇಫಾ ಅಂತ ಕೇಳುವಾಗ ಹೆಚ್ಚಿನವರ ಮನಸ್ಸಲ್ಲಿರುವುದು ಜನ. ಕಳ್ಳರಿದ್ದಾರಾ, ರಾತ್ರಿ ಓಡಾಡಬಹುದಾ, ಹೆಣ್ಣುಮಕ್ಕಳು ಒಬ್ಬರೇ ಬರಬಹುದಾ. 2019ರ ಮಾರ್ಚ್ 15ರಂದು ಇದೇ ಊರಿನ ಮಸೀದಿಗಳಲ್ಲಿ ಗುಂಡು ಹಾರಿಸಿ 51 ಜನರನ್ನು ಕೊಂದದ್ದು ನೆನಪಿರುವವರು ಅದನ್ನೂ ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ದಿನದ ಬದುಕಿನ ಮಾತು ಹೇಳುವುದಾದರೆ, ಪ್ರವಾಸಿಗಳು ಇಲ್ಲಿನ ಜನಕ್ಕೆ ಹೆದರಬೇಕಾದ್ದು ಕಡಿಮೆ. ಒಂದೇ ಎಚ್ಚರ ಸಾಕು: ಟ್ರೆಕ್ ಶುರುವಾಗುವ ಜಾಗದಲ್ಲಿ ನಿಲ್ಲಿಸಿದ ಕಾರಿನ ಗಾಜು ಒಡೆದು ಬ್ಯಾಗ್ ಎತ್ತಿಕೊಂಡು ಹೋಗುವುದು ಇಲ್ಲೂ ಉಂಟು. ಪಾಸ್‌ಪೋರ್ಟ್ ಕಾರಲ್ಲಿ ಬಿಡಬೇಡಿ.

ಕಾಡಲ್ಲಿ ಹಾವಿಲ್ಲ. ಚಿರತೆ, ಕರಡಿ, ಕಾಡಾನೆ ಯಾವುದೂ ಇಲ್ಲ. ಮಲೆನಾಡಲ್ಲಿ ಬೆಳೆದ ನನಗೆ ಮೊದಲ ವರ್ಷ ಇದು ನಂಬಿಕೆಗೇ ಬರಲಿಲ್ಲ. ಈಗಲೂ ತರಗೆಲೆ ಮೇಲೆ ಕಾಲಿಡುವ ಮುಂಚೆ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ. ಉಂಬಳದ ಜಾಗದಲ್ಲಿ ಸ್ಯಾಂಡ್‌ಫ್ಲೈ ಅನ್ನುವ ಸಣ್ಣ ಕಪ್ಪು ನೊಣ ಇದೆ. ಕಚ್ಚಿದರೆ ವಾರಗಟ್ಟಲೆ ತುರಿಕೆ, ಅಷ್ಟೇ.

ಹಾಗಾದರೆ ನಮ್ಮವರು ಇಲ್ಲಿ ಎಡವುವುದು ಎಲ್ಲಿ? ನಾನು ಕಂಡ ಹಾಗೆ, ಚೆನ್ನಾಗಿ ಗೊತ್ತು ಅಂದುಕೊಂಡಿರುವ ಕಡೆಯೇ. ಭೂಕಂಪ, ಜ್ವಾಲಾಮುಖಿ ಅಂದರೆ ಎಲ್ಲರಿಗೂ ಹೆದರಿಕೆ, ಓದಿಕೊಂಡೇ ಬರುತ್ತಾರೆ. ರಸ್ತೆ, ಹೊಳೆ, ಮಳೆ, ಬಿಸಿಲು ಮಾತ್ರ “ನಮಗೇನು ಹೊಸದಾ?” ಅನ್ನಿಸುತ್ತವೆ.

ಮೊದಲು ರಸ್ತೆ. ಇಲ್ಲೂ ಎಡಗಡೆ, ಸ್ಟೀರಿಂಗ್ ಬಲಕ್ಕೆ. ನಮ್ಮ ಲೈಸೆನ್ಸ್ ಇಂಗ್ಲಿಷಲ್ಲಿದ್ದರೆ ನಡೆಯುತ್ತದೆ. ಆದರೂ ಆರ್‌ಟಿಒದಲ್ಲಿ ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಮಾಡಿಸಿಕೊಂಡು ಬಂದರೆ ಬಾಡಿಗೆ ಕಾರಿನ ಕೌಂಟರಲ್ಲಿ ವಾದ ಇರುವುದಿಲ್ಲ. ಎಷ್ಟು ಸುಲಭ ಅಲ್ವಾ? ಅಮೆರಿಕಕ್ಕೆ ಹೋದವರು ಬಲಗಡೆ ಓಡಿಸಬೇಕಲ್ಲ ಅಂತ ಮೈಯೆಲ್ಲ ಕಣ್ಣಾಗಿ ಕೂರುತ್ತಾರೆ. ಇಲ್ಲಿ ಬಂದವರು ಆರಾಮವಾಗಿ ಕೂರುತ್ತಾರೆ.

ನನ್ನದೇ ಕಥೆ ಹೇಳುತ್ತೇನೆ. ಬಂದ ಮೊದಲ ವರ್ಷ ಮನೆಯವರನ್ನೆಲ್ಲ ಕೂರಿಸಿಕೊಂಡು ವೆಸ್ಟ್ ಕೋಸ್ಟ್ ಕಡೆ ಹೊರಟಿದ್ದೆ. ಆ ದಾರಿಯಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆಗಳು ಬೇಕಾದಷ್ಟಿವೆ. ಹೆದ್ದಾರಿ ಅನ್ನಿಸಿಕೊಂಡ ರಸ್ತೆ ಹೊಳೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಸೇತುವೆಗೆ ಮೊದಲು ಒಂದು ಬೋರ್ಡು, ಅದರಲ್ಲಿ ಎರಡು ಬಾಣ. ನಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಾವು ನಿಂತು ಎದುರಿನವರಿಗೆ ಬಿಡಬೇಕು. ನಾನು ಬಾಣ ನೋಡಲೇ ಇಲ್ಲ. ಆ ಕಡೆಯಿಂದ ಒಂದು ಕ್ಯಾಂಪರ್‌ವ್ಯಾನ್ ಬರುತ್ತಿತ್ತು. ಶಿರಾಡಿ ಘಾಟಿಯಲ್ಲಿ ಮಾಡುವ ಹಾಗೆ ಹೆಡ್‌ಲೈಟ್ ಎರಡು ಸಲ ಮಿಣಕಿಸಿದೆ. ನಮ್ಮಲ್ಲಿ ಅದರ ಅರ್ಥ “ನಾನು ಬರ್ತಿದ್ದೀನಿ, ನಿಲ್ಲು”. ಇಲ್ಲಿ ಸಾಮಾನ್ಯವಾಗಿ “ನಿಲ್ತೀನಿ, ನೀವು ಬನ್ನಿ” ಅಂತ. ಪಾಪ, ಅವರು ಬಂದರು. ನಾನೂ ಹೋದೆ. ಸೇತುವೆಯ ನಡುವೆ ಮೂತಿಗೆ ಮೂತಿ ಕೊಟ್ಟು ನಿಂತೆವು. ಕೆಳಗೆ ಹೊಳೆ ಬೂದು ಬಣ್ಣದಲ್ಲಿ ಹರಿಯುತ್ತಿತ್ತು. ಹಿಂದಿನ ಸೀಟಲ್ಲಿ ಅಮ್ಮ ರಾಘವೇಂದ್ರ ಸ್ವಾಮಿಗಳನ್ನು ಕರೆಯುತ್ತಿದ್ದರು. ರಿವರ್ಸ್ ತೆಗೆದು ವಾಪಸ್ ಬರುವಷ್ಟರಲ್ಲಿ ನನ್ನ ಅಂಗೈ ಬೆವತಿತ್ತು. ವ್ಯಾನಿನ ಅಜ್ಜ ದಾಟಿ ಹೋಗುವಾಗ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದ. ಇಲ್ಲಿ ಅದು ಥ್ಯಾಂಕ್ಸ್. ನನಗೆ ಆಗ ಅದೂ ಗೊತ್ತಿರಲಿಲ್ಲ.

ಊರ ಹೊರಗಿನ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ. ನಡುವೆ ಡಿವೈಡರ್ ಇಲ್ಲ, ಗೆರೆ ಮಾತ್ರ. ನಿಮ್ಮ ಕಡೆಗೆ ಹಳದಿ ಗೆರೆ ತುಂಡಾಗದೆ ಸಾಗಿದ್ದರೆ ಓವರ್‌ಟೇಕ್ ಮಾಡುವ ಹಾಗಿಲ್ಲ. ನೀವು ನಿಧಾನ ಹೋಗಬೇಕಾ, ಹೋಗಿ. ಹಿಂದೆ ನಾಲ್ಕು ಕಾರು ಸೇರಿದರೆ ಜಾಗ ನೋಡಿ ಎಡಕ್ಕೆ ನಿಲ್ಲಿಸಿ ಬಿಟ್ಟುಬಿಡಿ. ಫೋಟೋಗೆ ಅಂತ ತಿರುವಿನಲ್ಲಿ ನಿಲ್ಲಿಸುವ ಕೆಲಸ ಮಾತ್ರ ಬೇಡ. ಎಷ್ಟೇ ಚೆಂದದ ಹಿಮದ ಬೆಟ್ಟ ಇದ್ದರೂ ಬೇಡ.

ಇನ್ನೊಂದು, ಇಳಿದ ದಿನವೇ ಕಾರು ಓಡಿಸಬೇಡಿ. ಡಿಸೆಂಬರಿನಲ್ಲಿ ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದೆ. ಬೆಳಗ್ಗೆ ಹತ್ತಕ್ಕೆ ಸ್ಟೀರಿಂಗ್ ಹಿಡಿದರೆ ನಿಮ್ಮ ಕಣ್ಣಿಗೆ ಅದು ರಾತ್ರಿ ಎರಡೂವರೆ. ಆ ತಿಂಗಳು ಇಲ್ಲಿ ಬೇಸಿಗೆ, ರಾತ್ರಿ ಒಂಬತ್ತಕ್ಕೂ ಬೆಳಕಿರುವುದರಿಂದ “ಇನ್ನೂ ಹೊತ್ತಿದೆ” ಅಂತ ಓಡಿಸುತ್ತಲೇ ಇರುತ್ತಾರೆ. ದೇಹ ಹಾಗೆ ಲೆಕ್ಕ ಹಾಕುವುದಿಲ್ಲ.

ಕ್ವೀನ್ಸ್‌ಟೌನಿನಿಂದ, ಬೆಟ್ಟಗಳ ನಡುವೆ ಸಮುದ್ರ ಒಳಬಂದಿರುವ ಮಿಲ್‌ಫರ್ಡ್ ಸೌಂಡ್‌ಗೆ ಒಂದೇ ದಿನದಲ್ಲಿ ಹೋಗಿ ಬರುವ ಪ್ಲಾನ್ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಹೋಗಲಿಕ್ಕೇ ಸುಮಾರು ನಾಲ್ಕು ಗಂಟೆ, ಬರಲಿಕ್ಕೆ ಮತ್ತಷ್ಟು. ಟೆ ಅನೌ ಊರು ದಾಟಿದ ಮೇಲೆ ಸುಮಾರು 120 ಕಿ.ಮೀ. ಮೊಬೈಲ್ ಸಿಗ್ನಲ್ ಅನ್ನುವುದನ್ನು ಮರೆತುಬಿಡಿ. ಪೆಟ್ರೋಲ್ ಟೆ ಅನೌನಲ್ಲೇ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ರಸ್ತೆ ತೆರೆದಿದೆಯಾ ಅಂತ ಹೊರಡುವ ಮುಂಚೆ ನೋಡಿ. ಚಳಿಗಾಲದಲ್ಲಿ ಬಂದರೆ ಟೈರಿಗೆ ಹಾಕುವ ಚೈನ್ ಜೊತೆಗಿರಬೇಕು, ಹಿಮ ಕುಸಿಯುವ ದಾರಿ ಅದು. ನನ್ನನ್ನು ಕೇಳಿದರೆ ಬಸ್ಸಿನಲ್ಲಿ ಹೋಗಿ. ಡ್ರೈವರ್ ರಸ್ತೆ ನೋಡಲಿ, ನೀವು ಬೆಟ್ಟ ನೋಡಿ.

ಇನ್ನು ಮಳೆ. ಮಿಲ್‌ಫರ್ಡ್‌ನಲ್ಲಿ ವರ್ಷಕ್ಕೆ 6,000 ಮಿ.ಮೀ.ಗಿಂತ ಜಾಸ್ತಿ ಮಳೆ, ಹೆಚ್ಚುಕಡಿಮೆ ನಮ್ಮ ಆಗುಂಬೆ ಲೆಕ್ಕ. “ಆಗುಂಬೆ ಮಳೆಯಲ್ಲಿ ನೆನೆದು ಬೆಳೆದವನು ನಾನು” ಅಂದ ನನ್ನ ಭಾವನ ಕಥೆ ಕೇಳಿ. ಉತ್ತರ ದ್ವೀಪದ ಟಾಂಗರಿರೊ ಅಲ್ಪೈನ್ ಕ್ರಾಸಿಂಗ್‌ಗೆ ಹೋಗಿದ್ದೆವು. ಜ್ವಾಲಾಮುಖಿಗಳ ನಡುವೆ ಸುಮಾರು 20 ಕಿ.ಮೀ. ನಡಿಗೆ. ಅತಿ ಎತ್ತರದ ಜಾಗ ರೆಡ್ ಕ್ರೇಟರ್, 1,886 ಮೀಟರ್. ಕುದುರೆಮುಖ ಶಿಖರಕ್ಕಿಂತ ಚೂರು ಕಮ್ಮಿಯೇ. ಆ ಧೈರ್ಯದಲ್ಲಿ ಭಾವ ಜೀನ್ಸ್ ಹಾಕಿಕೊಂಡು ಬಂದಿದ್ದರು. ಬೇಸಿಗೆ, ಬೆಳಗ್ಗೆ ಬಿಸಿಲೂ ಇತ್ತು. ಒಂದೂವರೆ ಗಂಟೆ ನಡೆದಿರಬಹುದು, ಮೋಡ ಕವಿದು ಗಾಳಿ ಜೊತೆ ಮಳೆ ಶುರುವಾಯಿತು. ಆಗುಂಬೆಯ ಮಳೆ ನೆನೆಸುತ್ತದೆ. ಈ ಮಳೆ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಜೀನ್ಸ್ ನೀರು ಕುಡಿದು ಕಲ್ಲಿನಷ್ಟು ಭಾರವಾಯಿತು. ಒಂದು ಬಂಡೆಯ ಮರೆಯಲ್ಲಿ ಫ್ಲಾಸ್ಕ್ ಕೊಟ್ಟರೆ ಭಾವನಿಗೆ ಮುಚ್ಚಳ ತಿರುಗಿಸಲು ಬೆರಳು ಮಡಚಲೇ ಇಲ್ಲ. ಮಾತೂ ತೊದಲುತ್ತಿತ್ತು. ಅಲ್ಲಿಂದಲೇ ವಾಪಸ್. “ಅಷ್ಟು ದೂರದಿಂದ ಬಂದು ಅರ್ಧಕ್ಕೇ ಬಿಟ್ವಲ್ಲ” ಅಂತ ಕಾರಿನ ಹೀಟರ್ ಮುಂದೆ ಕೈ ಒಡ್ಡಿಕೊಂಡು ಕೊರಗಿದರು. ಅವರು ಕೊರಗಿದ್ದು ನೋಡಿ ನನಗೆ ಸಮಾಧಾನ ಆಯಿತು, ನಾಲಿಗೆ ಸರಿಹೋಗಿತ್ತಲ್ಲ!

ಅದಕ್ಕೇ ಹತ್ತಿ ಬಟ್ಟೆ ಬೇಡ ಅನ್ನುವುದು. ಒಳಗೆ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ, ಮೇಲೆ ನಿಜವಾಗಲೂ ನೀರು ತಡೆಯುವ ಜಾಕೆಟ್. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಯಾರಿಗಾದರೂ ಹೇಳಿ ಹೋಗಿ, ನೀವಿರುವ ಹೋಟೆಲಿನವರಿಗಾದರೂ ಸರಿ. ದೂರದ ಟ್ರೆಕ್ಕಿಗೆ ಲೊಕೇಟರ್ ಬೀಕನ್ ಬಾಡಿಗೆಗೆ ಸಿಗುತ್ತದೆ. ಅಂಗೈ ಅಗಲದ ಡಬ್ಬಿ, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ಸುದ್ದಿ ಹೋಗುತ್ತದೆ. ಸಿಗ್ನಲ್ ಇರುವ ಕಡೆ ಪೊಲೀಸ್, ಆಂಬುಲೆನ್ಸ್, ಫೈರ್ ಮೂರಕ್ಕೂ ಒಂದೇ ನಂಬರ್: 111.

ನೀರಿನ ವಿಷಯ ಬರೆಯುವಾಗ ತಮಾಷೆ ಬರುವುದಿಲ್ಲ. 19ನೇ ಶತಮಾನದಲ್ಲಿ ಇಲ್ಲಿಗೆ ವಲಸೆ ಬಂದವರು ಎಷ್ಟು ಜನ ಹೊಳೆ ದಾಟುವಾಗ ಮುಳುಗಿ ಹೋದರೆಂದರೆ, ಮುಳುಗಿ ಸಾಯುವುದಕ್ಕೆ ‘ನ್ಯೂಜಿಲೆಂಡ್ ಸಾವು’ ಅಂತಲೇ ಹೆಸರು ಬಿದ್ದಿತ್ತು. ಹೊಳೆ ಮೊಣಕಾಲುದ್ದ ಕಂಡರೂ ಹಿಮ ಕರಗಿದ ನೀರು. ಇಳಿದ ಕೂಡಲೇ ಉಸಿರು ಕಟ್ಟುತ್ತದೆ. ಮೇಲೆ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ನೀರು ಕಲಕಿದ್ದರೆ, ಕೊಂಬೆಗಳು ತೇಲಿ ಬರುತ್ತಿದ್ದರೆ ದಾಟಬೇಡಿ.

ಸಮುದ್ರದಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಅಲೆ ಒಡೆಯುವ ಸಾಲಿನ ನಡುವೆ ಒಂದು ಕಡೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಮಕ್ಕಳಿಗೆ ಇದೇ ಒಳ್ಳೆಯ ಜಾಗ ಅಂತ ಅಪ್ಪ ಅಮ್ಮ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಜಿದ್ದಿಗೆ ಬಿದ್ದು ಈಜಬೇಡಿ. ಮಲಗಿ ತೇಲಿ, ಕೈ ಎತ್ತಿ. ಇನ್ನು ಬಿಸಿನೀರಿನ ಬುಗ್ಗೆಗಳು. ಕುಂಡದಲ್ಲಿ ಮೂರು ಮುಳುಗು ಹಾಕುವ ಅಭ್ಯಾಸ ನಮ್ಮದು. ಇಲ್ಲಿ ತಲೆ ಮುಳುಗಿಸಬೇಡಿ ಅಂತ ಬೋರ್ಡೇ ಇರುತ್ತದೆ. ಆ ನೀರಿನ ಒಂದು ಅಮೀಬಾ ಮೂಗಿನಿಂದ ಮೆದುಳಿಗೆ ಹೋದರೆ ಉಳಿಯುವುದು ಕಷ್ಟ.

ಬಿಸಿಲಿಗೆ ಎರಡೇ ಮಾತು. ಗಾಳಿ ತಣ್ಣಗಿರುತ್ತದೆ, ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ಕಪ್ಪು ಮೈಯವರಿಗೆ ಸನ್‌ಸ್ಕ್ರೀನ್ ಯಾಕೆ ಅಂದ ಚಿಕ್ಕಪ್ಪನ ಮೂಗು ಮೂರನೇ ದಿನ ಈರುಳ್ಳಿ ಸಿಪ್ಪೆ ಥರ ಎದ್ದಿತ್ತು.

ಭೂಕಂಪದ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ. 2011ರ ಫೆಬ್ರವರಿ 22ರಂದು ನಮ್ಮ ಕ್ರೈಸ್ಟ್‌ಚರ್ಚ್‌ನಲ್ಲಿ 185 ಜನ ಸತ್ತರು. ಅವರ ಹೆಸರು ಕೆತ್ತಿದ ಗೋಡೆ ಏವನ್ ಹೊಳೆಯ ದಂಡೆಯಲ್ಲಿದೆ, ಬಂದಾಗ ನೋಡಿ. ನೆಲ ನಡುಗಿದರೆ ಹೊರಗೆ ಓಡಬೇಡಿ, ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳಿ. ಸಮುದ್ರದ ಹತ್ತಿರ ಇದ್ದಾಗ ನಡುಕ ಒಂದು ನಿಮಿಷಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ನಿಲ್ಲಲೂ ಆಗದಷ್ಟು ಜೋರಿದ್ದರೆ, ನಡುಕ ನಿಂತ ಮೇಲೆ ಸುನಾಮಿ ಸೈರನ್ನಿಗೆ ಕಾಯದೆ ಎತ್ತರಕ್ಕೆ ನಡೆಯಿರಿ. ಜ್ವಾಲಾಮುಖಿ ಕಡೆ ಹೋಗುವವರು ಭೂಕಂಪ, ಜ್ವಾಲಾಮುಖಿಗಳ ಮೇಲೆ ಕಣ್ಣಿಟ್ಟಿರುವ ಜಿಯೋನೆಟ್ ವೆಬ್‌ಸೈಟಿನಲ್ಲಿ ಎಚ್ಚರಿಕೆಯ ಮಟ್ಟ ನೋಡಿ ಹೊರಡಿ. 2019ರ ಡಿಸೆಂಬರ್ 9ರಂದು ವಕಾರಿ (ವೈಟ್ ಐಲೆಂಡ್) ಅನ್ನುವ ಜ್ವಾಲಾಮುಖಿ ದ್ವೀಪ ಸಿಡಿದಾಗ ಮೇಲಿದ್ದವರು ಟಿಕೆಟ್ ಕೊಂಡು ಬಂದ ಪ್ರವಾಸಿಗಳು, ಅವರ ಗೈಡ್‌ಗಳು. 22 ಜನ ತೀರಿಕೊಂಡರು. “ಟೂರ್ ನಡೀತಿದೆ ಅಂದ್ರೆ ಸೇಫೇ ಇರುತ್ತೆ” ಅನ್ನುವ ಲೆಕ್ಕ ಆಮೇಲೆ ನಾನು ಹಾಕುವುದಿಲ್ಲ.

ದುಡ್ಡಿನ ವಿಷಯ. ಬಿದ್ದು ಕಾಲು ಮುರಿದರೆ ಇಲ್ಲಿನ ಸರ್ಕಾರದ ಎಸಿಸಿ ಅನ್ನುವ ಅಪಘಾತ ಪರಿಹಾರ ಯೋಜನೆ ಪ್ರವಾಸಿಗಳ ಚಿಕಿತ್ಸೆಗೂ ನೆರವಾಗುತ್ತದೆ. ಜ್ವರ, ಎದೆನೋವು, ಅಪ್ಪನ ಶುಗರ್ ಅದಕ್ಕೆ ಬರುವುದಿಲ್ಲ. ಊರಿಗೆ ವಾಪಸ್ ಕಳಿಸುವ ಖರ್ಚೂ ಇಲ್ಲ. ಇನ್ಶೂರೆನ್ಸ್ ಮಾಡಿಸಿಯೇ ಬನ್ನಿ, ಮೊದಲೇ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆದು.

ಮುಚ್ಚಿಡುವ ಮಾತು ಬಂದಾಗ ಅಮ್ಮನ ಸೂಟ್‌ಕೇಸ್ ನೆನಪಾಗುತ್ತದೆ. ಚಟ್ನಿಪುಡಿ, ಸಾಂಬಾರ್ ಪುಡಿ, ಕೋಡುಬಳೆ, ಜೊತೆಗೆ ಸೀರೆಯಲ್ಲಿ ಸುತ್ತಿದ ಒಂದು ಬಾಟಲಿ ಜೇನುತುಪ್ಪ. ಇಲ್ಲಿಗೆ ಇಳಿಯುವ ಮುಂಚೆ ಆನ್‌ಲೈನಲ್ಲಿ ಟ್ರಾವೆಲರ್ ಡಿಕ್ಲರೇಷನ್ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ತಿನ್ನುವುದು ಏನಿದ್ದರೂ “ಇದೆ” ಅಂತ ಹೇಳಿ ಅಂದಿದ್ದೆ. ಅಮ್ಮ ಹೇಳಿದರು. ಅಧಿಕಾರಿ ಒಂದೊಂದೇ ಡಬ್ಬಿ ತೆಗೆದು ನೋಡಿ, ಪುಡಿಗಳನ್ನೆಲ್ಲ ವಾಪಸ್ ಇಟ್ಟು, ಜೇನು ಮಾತ್ರ ಎತ್ತಿಕೊಂಡ. ಜೇನುನೊಣಗಳ ರೋಗ ದೇಶದೊಳಗೆ ಬಂದೀತು ಅನ್ನುವ ಭಯ ಇವರದ್ದು. “ನಮ್ಮ ತೋಟದ್ದೇ ಅಂತ ಹೇಳೋ ಅವನಿಗೆ” ಅಂತ ಅಮ್ಮ ಫೋನಲ್ಲೇ ಜಗಳಕ್ಕೆ ನಿಂತರು. ಜೇನು ಹೋಯಿತು, ದಂಡ ಬೀಳಲಿಲ್ಲ. ಅದೇ ಸಾಲಿನಲ್ಲಿ ಮುಂದಿದ್ದ ಒಬ್ಬರು ವಿಮಾನದಲ್ಲಿ ಕೊಟ್ಟ ಸೇಬನ್ನು ಬ್ಯಾಗಲ್ಲಿ ಮರೆತಿದ್ದರಂತೆ. 400 ಡಾಲರ್.

ಆಹಾರ ಅಷ್ಟೇ ಅಲ್ಲ, ಬಳಸಿದ ಟ್ರೆಕ್ಕಿಂಗ್ ಶೂ, ಟೆಂಟ್ ಇದ್ದರೂ ಹೇಳಬೇಕು. ಅಡಿಯಲ್ಲಿ ಒಣಗಿದ ಮಣ್ಣಿರಬಾರದು. ಈ ಸಲ ಬರುತ್ತಿರುವುದು ಚಿಕ್ಕಮ್ಮನ ಮಗ. ಅವನಿಗೆ ಇಷ್ಟೂ ಹೇಳಿದ ಮೇಲೆ ನಿನ್ನೆ ಒಂದು ಫೋಟೋ ಕಳಿಸಿದ್ದಾನೆ: ಬಚ್ಚಲುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೇ ಟೂತ್‌ಬ್ರಷ್ ಹಿಡಿದು, ಶೂವಿನ ಸಂದಿಯಿಂದ ಕುಮಾರ ಪರ್ವತದ ಕೆಂಪು ಮಣ್ಣು ಕೆರೆಯುತ್ತಿದ್ದಾನೆ.