ಶೆಲ್ಟರಿನಿಂದ ಒಂದು ನಾಯಿ ಬಂದರೆ ಬೀದಿಗೆಲ್ಲ ಕೆಲಸ

ನನ್ನ ಹೊಲಿಗೆ ಅಂಗಡಿಗೆ ಬ್ಲೌಸ್ ಹೊಲಿಸಲು ಬರುವವರಲ್ಲಿ ಸುಮಾರು ಜನ ಈಗ ಒಂದು ಹಳೇ ಬೆಡ್‌ಶೀಟನ್ನೂ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆ. ಊರಾಚೆಯ ಪ್ರಾಣಿಗಳ ಶೆಲ್ಟರಿಗೆ ನಾನು ಹಾಸಿಗೆ ಹೊಲಿದು ಕೊಡುತ್ತೇನೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹರಡಿದೆ. ಮೈಸೂರಲ್ಲಿ ಹಾಗೇ ಅಲ್ವಾ, ಬೆಳಗ್ಗೆ ಒಂದು ಬೀದಿಯಲ್ಲಿ ಆಡಿದ ಮಾತು ಸಂಜೆಗೆ ಬಡಾವಣೆಗೆಲ್ಲ ಗೊತ್ತು. ಬಟ್ಟೆ ಕೊಟ್ಟವರು ಆಮೇಲೆ ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು. "ಅಲ್ಲಿ ಒಂದು ಒಳ್ಳೇ ಮರಿ ಇದ್ರೆ ಹೇಳಿ ಅಕ್ಕ, ದೀಪಾವಳಿ ರಜೆಗೆ ಮಕ್ಕಳಿಗೆ ತರೋಣ ಅಂತ." ಇದಕ್ಕೆ ಅಳತೆ ಟೇಪು ಹಿಡಿದು ನಿಂತಲ್ಲೇ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತನ್ನಿ. ಖಂಡಿತ ತನ್ನಿ. ಆದರೆ ದೀಪಾವಳಿ ಮುಗಿಯಲಿ.

ಶೆಲ್ಟರಿನಲ್ಲಿ ಈಗ ಜಾಗ ಇಲ್ಲ ಅನ್ನುವುದು ನಿಜ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣದ ಆವರಣದಲ್ಲಿರುವ ನಾಯಿಗಳನ್ನು ಹಿಡಿದು ಆಶ್ರಯಕ್ಕೆ ಸೇರಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು ಅಂತ. ಅಲ್ಲಿಂದ ಈಚೆಗೆ ಊರೂರಲ್ಲೂ ಕೇಳುವುದು ಒಂದೇ ಪ್ರಶ್ನೆ, ಇವನ್ನೆಲ್ಲ ಎಲ್ಲಿ ಇಡೋದು? ಒಂದು ನಾಯಿ ಮನೆ ಸೇರಿದರೆ ಒಂದು ಗೂಡು ಖಾಲಿ. ಆದರೆ ಹಾಗೆ ಹೋದದ್ದು ತಿಂಗಳೊಳಗೆ ವಾಪಸು ಬಂದರೆ, ಇಲ್ಲಾ ಗೇಟು ದಾಟಿ ಕಳೆದೇ ಹೋದರೆ, ಕೊಟ್ಟವರು ಪಟ್ಟ ಪಾಡು, ತಂದವರು ಇಟ್ಟ ಆಸೆ ಎರಡೂ ಹಾಳು. ವಾಪಸು ಬಂದ ನಾಯಿ ಮೂಲೆ ಹಿಡಿದು ಮಲಗುವುದನ್ನು ನಾನು ನೋಡಿದ್ದೇನೆ. ಎರಡನೇ ಸಲ ಅದು ಯಾರ ಕೈಗೂ ಬೇಗ ಬರುವುದಿಲ್ಲ.

ಹೀಗಾಗಿ ಶೆಲ್ಟರಿನವರು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಮನೆಗೇ ಬಂದು ನೋಡುತ್ತಾರೆ. ಕೆಲವರಿಗೆ ಇದರಿಂದ ಕೋಪ ಬರುತ್ತದೆ, "ನಾಯಿ ಕೊಡೋಕೆ ಇಷ್ಟೆಲ್ಲಾ ಯಾಕೆ" ಅಂತ. ನನಗೆ ಆ ಪ್ರಶ್ನೆಗಳೇ ಇಷ್ಟ. ಮನೆ ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಗೇಟಿನ ಕೆಳಗಿನ ಸಂದಿಗೆ. ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಒಂದು ಮಾತು. ನಾಯಿ ಸಾಕಲೇಬಾರದು ಅಂತ ಅಸೋಸಿಯೇಷನ್ ಹೇಳುವ ಹಾಗಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಅದನ್ನು ಸ್ಪಷ್ಟ ಮಾಡಿದೆ. ಆದರೂ ಲಿಫ್ಟಿನಲ್ಲಿ ದಿನಾ ಸಿಗುವ ಪಕ್ಕದ ಮನೆಯವರ ಜೊತೆ ಮೊದಲೇ ನಾಲ್ಕು ಮಾತಾಡಿಕೊಂಡರೆ ಎಲ್ಲರಿಗೂ ಒಳ್ಳೆಯದು.

ನಮ್ಮ ಬೀದಿಯಲ್ಲೇ ಆದದ್ದು ಹೇಳುತ್ತೇನೆ. ಕೊನೇ ಮನೆಯವರು ಶೆಲ್ಟರಿನಿಂದ ಒಂದು ಕಂದು ಬಣ್ಣದ ಹೆಣ್ಣು ನಾಯಿ ತಂದರು. ಮರಿ ಹಾಕದ ಹಾಗೆ ಆಪರೇಷನ್ ಆಗಿತ್ತು, ಕಿವಿಯ ತುದಿಯಲ್ಲಿ ಅದರ ಗುರುತೂ ಇತ್ತು. ಬಂದ ವಾರದೊಳಗೇ ಒಂದು ಬೆಳಗ್ಗೆ ಬೀದಿಯಲ್ಲಿ ಗ್ಯಾಸ್ ಆಟೋ ನಿಂತು, ಸಿಲಿಂಡರ್ ಧಡ್ ಅಂತ ನೆಲಕ್ಕೆ ಬಿತ್ತು. ಆಗ ತಾನೇ ಬೆಲ್ಟ್ ಹಾಕಿ ಅದನ್ನು ಹೊರಗೆ ಕರೆದುಕೊಂಡು ಬಂದಿದ್ದರು. ನಾಯಿ ಹಿಂದಕ್ಕೆ ಜಗ್ಗಿತು. ನಮ್ಮ ನಾಟಿ ನಾಯಿಗಳ ತಲೆ ಸಣ್ಣದು, ಕತ್ತಿನಷ್ಟೇ ಅಗಲ. ಮುಂದಕ್ಕೆ ಎಳೆದರೆ ಬೆಲ್ಟ್ ಹಿಡಿಯುತ್ತದೆ, ಹಿಂದಕ್ಕೆ ಜಗ್ಗಿದರೆ ಕಿವಿ ದಾಟಿ ಜಾರಿಬಿಡುತ್ತದೆ. ಬೆಲ್ಟ್ ಕೈಯಲ್ಲಿ ಉಳಿಯಿತು, ನಾಯಿ ಮಾಯ.

ಹುಡುಗರೆಲ್ಲ ಬಿಸ್ಕತ್ತು ಹಿಡಿದುಕೊಂಡು ಹಿಂದೆ ಓಡಿದರು. ಇಸ್ತ್ರಿ ಅಂಗಡಿಯ ಅಣ್ಣ ಅವರನ್ನು ತಡೆದು ನಿಲ್ಲಿಸಿದರು. "ಅಟ್ಟಿಸ್ಕೊಂಡು ಹೋಗ್ಬೇಡ್ರೋ, ನೀವು ಓಡಿದಷ್ಟೂ ಅದು ಓಡುತ್ತೆ." ಶೆಲ್ಟರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದೂ ಅದನ್ನೇ. ಅದು ಮಲಗಿದ್ದ ಬಟ್ಟೆಯನ್ನು ಒಗೆಯದೆ ಹಾಗೇ ಗೇಟಿನ ಹೊರಗೆ ಹಾಸಿ, ಪಕ್ಕದಲ್ಲಿ ನೀರು, ಸ್ವಲ್ಪ ಊಟ ಇಡಿ. ಮುಂಜಾನೆ ಎದ್ದು ಓಡಾಡುವವರಿಗೆಲ್ಲ ಸುದ್ದಿ ಮುಟ್ಟಿಸಿ. ಹೆಸರು ಹಿಡಿದು ಕೂಗಿ ಪ್ರಯೋಜನ ಇಲ್ಲ, ಹೊಸ ಹೆಸರು ಅದಕ್ಕೆ ಇನ್ನೂ ಗೊತ್ತೇ ಇಲ್ಲ.

ಆವತ್ತು ರಾತ್ರಿ ಹಾಲಿನವರು, ಪೇಪರ್ ಹಾಕುವ ಹುಡುಗರು, ಪೌರಕಾರ್ಮಿಕರು, ಪಾರ್ಕಿನ ವಾಚ್‌ಮನ್ ಎಲ್ಲರಿಗೂ ಫೋಟೋ ಹೋಯಿತು. ಮರುದಿನ ಇನ್ನೂ ಕತ್ತಲಿರುವಾಗಲೇ ಕಸ ಗುಡಿಸುವ ಅಮ್ಮ ಒಬ್ಬರು ಪಾರ್ಥೇನಿಯಂ ಬೆಳೆದ ಖಾಲಿ ಸೈಟಿನಲ್ಲಿ ಅದನ್ನು ಕಂಡರು. ಅವರು ಹತ್ತಿರ ಹೋಗಲಿಲ್ಲ, ಪೊರಕೆ ಪಕ್ಕಕ್ಕಿಟ್ಟು ದೂರದಲ್ಲೇ ಕೂತು ಫೋನ್ ಮಾಡಿದರು. ಶೆಲ್ಟರಿನಿಂದ ದಿನಾ ಊಟ ಹಾಕುವ ಹುಡುಗ ಸ್ಕೂಟರಿನಲ್ಲಿ ಬಂದ. ಜೊತೆಗೆ ಊಟದ ಸ್ಟೀಲ್ ಬಕೆಟ್ ತಂದಿದ್ದ. ಸೈಟಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆನ್ನು ತಿರುಗಿಸಿಕೊಂಡು, ಸೌಟಿನಿಂದ ಬಕೆಟ್ಟಿಗೆ ಟಣ್ ಟಣ್ ಅಂತ ಬಡಿದ. ಅಲ್ಲಿ ಊಟದ ಹೊತ್ತಿಗೆ ದಿನಾ ಕೇಳುತ್ತಿದ್ದ ಸದ್ದು ಅದು. ನಾಯಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳುತ್ತಾ ಬಂದು ಅವನ ಮೊಣಕಾಲ ಹತ್ತಿರ ಮಲಗಿತು. ನಾವೆಲ್ಲ ಉಸಿರು ಬಿಗಿ ಹಿಡಿದು ಕಾಂಪೌಂಡಿನಾಚೆ ನಿಂತಿದ್ದೆವು.

ಅಂದಿನಿಂದ ನಮ್ಮ ಬೀದಿಯಲ್ಲಿ ಒಂದು ರೂಢಿ ಬಂದಿದೆ. ಯಾರ ಮನೆಗೆ ಹೊಸ ಪ್ರಾಣಿ ಬಂದರೂ ಎರಡೂ ಮಗ್ಗುಲಿನ ಫೋಟೋ, ಮನೆಯವರ ನಂಬರು ಬೀದಿಯ ವಾಟ್ಸಾಪ್ ಗುಂಪಿಗೆ ಹೋಗಬೇಕು. ಮುಂಜಾನೆಯ ಜನರಿಗೂ ತೋರಿಸಬೇಕು, ಯಾಕಂದರೆ ಅವರ ಬಳಿ ವಾಟ್ಸಾಪ್ ಇಲ್ಲದಿರಬಹುದು, ಆದರೆ ಬೀದಿಯನ್ನು ನಿಜವಾಗಿ ನೋಡುವವರು ಅವರೇ. ಮೊದಲ ಕೆಲವು ವಾರ ಎರಡು ಹಗ್ಗ, ಒಂದು ಬೆಲ್ಟಿಗೆ, ಒಂದು ಎದೆಗೆ ಹಾಕುವ ಹಾರ್ನೆಸ್ಸಿಗೆ. ಬೆಲ್ಟಿನೊಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಬೀಗದ ಕೈ ಮಾಡುವ ಅಂಗಡಿಯಲ್ಲಿ ಒಂದು ಸಣ್ಣ ಬಿಲ್ಲೆಯ ಮೇಲೆ ಫೋನ್ ನಂಬರು ಕೆತ್ತಿಸಿ ಬೆಲ್ಟಿಗೆ ಹಾಕಿಸಿ. ನಾಯಿಯ ಹೆಸರು ಇಲ್ಲದಿದ್ದರೂ ನಡೆಯುತ್ತದೆ, ನಂಬರು ಇರಲೇಬೇಕು. ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಶೆಲ್ಟರಿನವರು ಲೆಕ್ಕ ಹೇಳುತ್ತಾರೆ. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ಅಭ್ಯಾಸ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ಧೈರ್ಯ. ಆ ಮೊದಲ ದಿನಗಳಲ್ಲಿ ನೆಂಟರನ್ನೆಲ್ಲ ಕರೆದು ನಾಯಿ ತೋರಿಸುವುದು ಬೇಡ.

ಈಗ ದೀಪಾವಳಿಗೆ ಯಾಕೆ ಬೇಡ ಅನ್ನುವುದು ಅರ್ಥವಾಗಿರಬಹುದು. ನಮ್ಮ ಊರಿನವರಿಗೆ ಇದನ್ನು ಹೇಳುವುದು ಸುಲಭ. ಜಂಬೂಸವಾರಿಯ ದಿನ 21 ಸುತ್ತು ಕುಶಾಲತೋಪು ಹಾರಿಸುತ್ತಾರೆ. ಅದಕ್ಕೆ ಬಹಳ ಮುಂಚೆಯೇ ಆನೆಗಳಿಗೂ ಕುದುರೆಗಳಿಗೂ ತಾಲೀಮು ನಡೆಯುತ್ತದೆ. ಸದ್ದು ಕೇಳಿಸುವ ಜಾಗದಲ್ಲಿ ನಿಲ್ಲಿಸಿ, ಮಾವುತರು ಪಕ್ಕದಲ್ಲೇ ನಿಂತು ಮೈ ತಟ್ಟುತ್ತಾ, ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಅಷ್ಟು ದೊಡ್ಡ ಜೀವಕ್ಕೆ ಅಷ್ಟು ತಯಾರಿ. ಅದಾದ ಇಪ್ಪತ್ತು ದಿನಕ್ಕೆ ದೀಪಾವಳಿ. ಕೀಚಲು ಸದ್ದು ನಮ್ಮ ಕಿವಿಗೆ ಕೇಳುವುದು 20,000 ಹರ್ಟ್ಜ್‌ವರೆಗೆ, ನಾಯಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ನಿನ್ನೆ ಮೊನ್ನೆ ಬಂದ ನಾಯಿಗೆ ಲಕ್ಷ್ಮೀ ಪಟಾಕಿ ಹೇಗಿರುತ್ತದೆ ಯೋಚಿಸಿ.

ಮನೆಯಲ್ಲಿ ಈಗಾಗಲೇ ನಾಯಿ ಇದ್ದರೆ ಆ ತಾಲೀಮನ್ನು ನೀವೂ ಮಾಡಿಸಬಹುದು. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ, ಅದೇ ಹೊತ್ತಿಗೆ ಅದಕ್ಕೆ ಇಷ್ಟವಾದದ್ದು ತಿನ್ನಲು ಕೊಡಿ. ವಾರಗಟ್ಟಲೆ ಹೀಗೆ, ಸದ್ದು ನಿಧಾನಕ್ಕೆ ಏರಲಿ. ಬೆದರಿದರೆ ಮತ್ತೆ ಇಳಿಸಿ. ಹಬ್ಬದ ದಿನ ಬೆಳಕಿರುವಾಗಲೇ ಸುತ್ತಾಡಿಸಿ ಬನ್ನಿ. 2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಸಮಯ ಗೊತ್ತು ಮಾಡಿತು. ಆ ಗಡಿಯೊಳಗೆ ಎಲ್ಲರೂ ಇರುವುದಿಲ್ಲ, ಹಾಗಾಗಿ ಕತ್ತಲಾಗುವ ಮೊದಲೇ ಒಳಗಿರಲಿ. ಕಿಟಕಿ ಹಾಕಿ, ಫ್ಯಾನು ತಿರುಗಲಿ, ಟಿವಿ ಓಡಲಿ. ಮಂಚದ ಕೆಳಗೆ ಹೋಗಿ ಕೂತರೆ ಎಳೆಯಬೇಡಿ, ಅಲ್ಲೇ ನೀರಿಡಿ. ಪಕ್ಕದಲ್ಲಿ ಕೂತು ಸವರಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಧಾರಾಳವಾಗಿ ಸವರಿ. ಅಂಗಳದಲ್ಲಿ ಚೈನಿಗೆ ಕಟ್ಟಿ ಹಾಕುವುದು ಮಾತ್ರ ಬೇಡವೇ ಬೇಡ, ಬೆದರಿ ಹಾರಿದರೆ ಕುತ್ತಿಗೆಗೇ ಉರುಲು.

ಹಬ್ಬದ ತಟ್ಟೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಶುಗರ್ ಫ್ರೀ ಸಿಹಿಗಳಲ್ಲಿ ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಇದ್ದರೆ ಅದೂ ವಿಷವೇ. ಒಂದೇ ಒಂದು ಅಂತ ಮಕ್ಕಳು ಕೊಡದ ಹಾಗೆ ನೋಡಿಕೊಳ್ಳಿ.

ಬೆಕ್ಕಿನ ಬಗ್ಗೆ ನನ್ನ ಕಸುಬಿನವರು ಹೇಳಲೇಬೇಕಾದ ಒಂದು ವಿಷಯ ಇದೆ. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ದಾರ ಒಮ್ಮೆ ಬಾಯಿಗೆ ಹೋದರೆ ಉಗಿಯಲು ಅದಕ್ಕೆ ಬರುವುದಿಲ್ಲ, ಒಳಕ್ಕೇ ಹೋಗುತ್ತದೆ. ಸೂಜಿ ಪೋಣಿಸಿದ ದಾರವಾದರೆ ಸೂಜಿಯೂ ಹಿಂದೆಯೇ. ಕರುಳಿಗಿಳಿದ ದಾರ ಕರುಳನ್ನು ನೆರಿಗೆ ಹಿಡಿದಂತೆ ಸುಕ್ಕುಗಟ್ಟಿಸಿ ಕೊನೆಗೆ ಕೊಯ್ದೇ ಬಿಡುತ್ತದೆ. ಬೆಕ್ಕಿನ ಬಾಯಲ್ಲೋ ಹಿಂಭಾಗದಲ್ಲೋ ದಾರದ ತುದಿ ಕಂಡರೆ ದಯವಿಟ್ಟು ಎಳೆಯಬೇಡಿ. ಹಾಗೇ ಡಾಕ್ಟರ ಹತ್ತಿರ ಓಡಿ. ಶೆಲ್ಟರಿಗೆ ಬರುವ ಬಟ್ಟೆಯಿಂದ ಹುಕ್ಕು, ಬಟನ್, ಜಿಪ್, ಜರಿ ಅಂಚು ಎಲ್ಲ ನಾನು ಬಿಚ್ಚಿ ತೆಗೆಯುವುದು ಇದಕ್ಕೇ. ನೈಲಾನ್ ಸೀರೆ ತೆಗೆದುಕೊಳ್ಳುವುದಿಲ್ಲ, ಮರಿಗಳು ಕಚ್ಚಿ ಎಳೆದರೆ ಎಳೆ ಎಳೆಯಾಗಿ ಬಿಡುತ್ತದೆ. ಹತ್ತಿಯೇ ಸರಿ, ಅಂಚನ್ನು ಎರಡು ಸಲ ಮಡಿಸಿ ಹೊಲಿಯುತ್ತೇನೆ.

ನಾಯಿಯ ಮೈಗೆ ಹತ್ತುವ ಉಣ್ಣೆ ಹುಳಕ್ಕೆ ಹಾಕುವ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕನ್ನು ಕೊಲ್ಲುತ್ತದೆ. ಪ್ಯಾರಾಸಿಟಮಾಲ್ ಕೂಡ ಅಷ್ಟೇ, ಜ್ವರ ಅಂತ ಅರ್ಧ ಮಾತ್ರೆ ಕೊಟ್ಟರೂ ಬೆಕ್ಕು ಉಳಿಯುವುದು ಕಷ್ಟ. ನಾಯಿಗೆ ಉಣ್ಣೆ ಹತ್ತುವುದು ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ. ದಿನಾ ಕೈಯಾಡಿಸಿ. ಊಟ ಬಿಟ್ಟು ಮಂಕಾಗಿ, ವಸಡು ಬಿಳಚಿಕೊಂಡರೆ ಉಣ್ಣೆ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ, ನಾಳೆ ಅನ್ನಬೇಡಿ.

ಇನ್ನು ರೇಬಿಸ್. ಶೆಲ್ಟರಿನಿಂದ ಬರುವಾಗ ಲಸಿಕೆಯ ಕಾರ್ಡ್ ಕೇಳಿ ತನ್ನಿ, ವೈದ್ಯರು ಹೇಳಿದ ದಿನಕ್ಕೆ ಮತ್ತೆ ಹಾಕಿಸಿ. ಯಾವ ನಾಯಿ ಬೆಕ್ಕು ಕಚ್ಚಿದರೂ ಪರಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ನಾಯಿಯನ್ನು ಪ್ರೀತಿಸುವವರು ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಭಯ ಇರುವವರ ಭಯಕ್ಕೆ ಕಾರಣ ಇದೆ.

ತರಲು ಆಗದವರೂ ಸುಮ್ನೆ ಕೂರಬೇಕಿಲ್ಲ. ಅಕ್ಕಿ ಕೊಡಿ, ಹಳೇ ಪೇಪರ್ ಕೊಡಿ. ಫಿನಾಯಿಲ್ ಕೊಡುವ ಮುಂಚೆ ಒಂದು ಮಾತು ಕೇಳಿ, ಬೆಕ್ಕಿರುವ ಕಡೆ ಅದು ಒಳ್ಳೆಯದಲ್ಲ. ಆಪರೇಷನ್ ಆದ ಪ್ರಾಣಿಯನ್ನು ಗಾಯ ಮಾಯುವ ತನಕ ಮನೆಯಲ್ಲಿ ಇಟ್ಟುಕೊಳ್ಳುವವರು ಸಿಕ್ಕರೆ ಶೆಲ್ಟರಿನವರಿಗೆ ಅದೇ ದೊಡ್ಡ ಉಪಕಾರ. ಬೆಂಗಳೂರಿನಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕ್ಯೂಪಾ ಸಂಸ್ಥೆಯನ್ನು 1991ರಲ್ಲಿ ಶುರು ಮಾಡಿದಾಗ ಕ್ರಿಸ್ಟಲ್ ರೋಜರ್ಸ್ ಅವರಿಗೆ ಎಂಬತ್ತು ದಾಟಿತ್ತು. ದೆಹಲಿ, ಜೈಪುರಗಳಲ್ಲಿ ಆಗಲೇ ಸಂಸ್ಥೆ ಕಟ್ಟಿದ್ದ ಹೆಂಗಸು. ವಯಸ್ಸಾಯಿತು ಅನ್ನುವ ನಮ್ಮ ಬೀದಿಯ ಹಿರಿಯರಿಗೆ ನಾನು ಈ ಮಾತು ಹೇಳುತ್ತಲೇ ಇರುತ್ತೇನೆ.

ಮರಿಯೇ ಬೇಕು ಅನ್ನುವವರೂ ಒಮ್ಮೆ ಹಿಂದಿನ ಸಾಲಿನ ಗೂಡುಗಳ ಕಡೆ ಹೋಗಿ ಬನ್ನಿ. ಅಲ್ಲಿ ದೊಡ್ಡ ನಾಯಿಗಳಿವೆ, ಕರಿ ನಾಯಿಗಳಿವೆ, ಮೂರು ಕಾಲಿನವಿವೆ. ಮರಿ ಯಾವ ಸ್ವಭಾವಕ್ಕೆ ಬೆಳೆಯುತ್ತದೋ ಯಾರಿಗೂ ಗೊತ್ತಿಲ್ಲ. ಈ ದೊಡ್ಡವುಗಳ ಸ್ವಭಾವ ಊಟ ಹಾಕುವ ಹುಡುಗನಿಗೆ ಚೆನ್ನಾಗಿ ಗೊತ್ತು. ಮಗು ಇರುವ ಮನೆಗೆ ಯಾವುದು, ಒಬ್ಬರೇ ಇರುವ ಅಜ್ಜಿಗೆ ಯಾವುದು ಅಂತ ಅವನನ್ನೇ ಕೇಳಿ.

ನಮ್ಮ ಎದುರು ಮನೆ ಅಜ್ಜಿ ಕೇಳಿದ್ದಾರೆ. ದೀಪಾವಳಿ ಕಳೆದ ಮೇಲಿನ ಭಾನುವಾರ ಒಂದು ವಯಸ್ಸಾದ ಹೆಣ್ಣು ನಾಯಿಯನ್ನು ನೋಡಲು ನನ್ನ ಜೊತೆ ಬರುತ್ತಾರೆ. ಸಂಜೆ ಸುತ್ತಾಡಿಸಲು ಮೇಲಿನ ಮನೆ ಹುಡುಗಿ ಒಪ್ಪಿದ್ದಾಳೆ, ಅಜ್ಜಿ ಮಗಳ ಮನೆಗೆ ಹೋದಾಗ ನಾಯಿ ನಮ್ಮಲ್ಲಿರುತ್ತದೆ. ಅವರ ಗೇಟಿನ ಕೆಳಗಿನ ಸಂದಿಗೆ ಸರಳು ಹಾಕಲು ವೆಲ್ಡಿಂಗ್‌ನವರು ಗುರುವಾರ ಬರುತ್ತಾರೆ.